ವರ್ಷದ ಮೊದಲ ಹಾಡು ಯಾವುದು?

ಡಿಸೆಂಬರ್ ತಿಂಗಳು ಬಂದಿತೆಂದರೆ, ಮೈಸೂರಿನ ಹೆಬ್ಬಾಳದ ನಮ್ಮ ಬೀದಿಯಲ್ಲಿ ಕಾಲೇಜು ವಿದ್ಯಾರ್ಥಿಗಳ ನಡುವೆ ಒಂದು ವಾದವು ತಪ್ಪದೆ ಏಳುತ್ತದೆ: ಈ ವರ್ಷದ ಹಾಡುಗಳಲ್ಲಿ ಮೊದಲನೆಯದು ಯಾವುದು? ಒಬ್ಬನು ಒಂದು ಪಟ್ಟಿಯನ್ನು ತೋರಿಸಿದರೆ ಇನ್ನೊಬ್ಬಳು ಬೇರೊಂದನ್ನು ತೋರಿಸುತ್ತಾಳೆ. ಇಬ್ಬರಲ್ಲಿ ಯಾರೂ ಸುಳ್ಳಾಡುತ್ತಿಲ್ಲ. ಈ ಪ್ರಶ್ನೆಯು ಅಭಿರುಚಿಗೆ ಸಂಬಂಧಿಸಿದ್ದೆಂದು ತೋರಿದರೂ, ನಿಜವಾಗಿ ಅಳತೆಗೆ ಸಂಬಂಧಿಸಿದ್ದು. ಆದುದರಿಂದ ವಿಜ್ಞಾನದ ವಿದ್ಯಾರ್ಥಿಗಳು ಇದನ್ನು ವಿಚಾರಮಾಡುವುದು ಉಚಿತವಾಗಿದೆ.

ಎಣಿಕೆಯ ಆರಂಭ

1952ರ ನವೆಂಬರ್ 14ರಂದು ಇಂಗ್ಲೆಂಡಿನ ಒಂದು ಸಂಗೀತ ಪತ್ರಿಕೆಯು ಆ ದೇಶದ ಮೊದಲ ಜನಪ್ರಿಯತಾ ಪಟ್ಟಿಯನ್ನು ಪ್ರಕಟಿಸಿತು. ಅಂಗಡಿಗಳಿಗೆ ದೂರವಾಣಿ ಮಾಡಿ, ಯಾವ ಧ್ವನಿಮುದ್ರಿಕೆಗಳು ಹೆಚ್ಚಾಗಿ ಮಾರಾಟವಾದುವೆಂದು ವಿಚಾರಿಸಿ ಅದನ್ನು ಸಿದ್ಧಪಡಿಸಿದ್ದರು. ಕೆಲವು ಹಾಡುಗಳು ಸಮಸ್ಥಾನ ಪಡೆದುದರಿಂದ ಹನ್ನೆರಡು ಸ್ಥಾನಗಳಲ್ಲಿ ಹದಿನೈದು ಧ್ವನಿಮುದ್ರಿಕೆಗಳು ಕುಳಿತಿದ್ದುವು!

ಮೂರು ವಾರ ಕಳೆಯುವುದರೊಳಗೆ, ಡಿಸೆಂಬರ್ 3ರಂದು, ರೇಡಿಯೋ ಸಿಲೋನಿನಿಂದ ಬಿನಾಕಾ ಗೀತಮಾಲಾ ಕಾರ್ಯಕ್ರಮವು ಆರಂಭವಾಯಿತು. ಅಮೀನ್ ಸಯಾನಿಯವರ ಧ್ವನಿಯನ್ನು ಹೊತ್ತ ಹ್ರಸ್ವತರಂಗಗಳು ಅಯಾನುಮಂಡಲದಲ್ಲಿ ಬಾಗಿ, ಕೊಲಂಬೋದಿಂದ ಸುಮಾರು 700 ಕಿಲೋಮೀಟರ್ ದೂರದ ಮೈಸೂರಿಗೂ ಬಂದಿಳಿಯುತ್ತಿದ್ದುವು. ಮೊದಮೊದಲು ಏಳು ಹಾಡುಗಳನ್ನು ಕೇಳಿಸಿ, ಅವುಗಳ ಕ್ರಮವನ್ನು ಶ್ರೋತೃಗಳೇ ಬರೆದು ಕಳುಹಿಸಬೇಕೆನ್ನುತ್ತಿದ್ದರು. ಮುಂದೆ ಅಂಗಡಿಗಳ ಮಾರಾಟ ಮತ್ತು ಶ್ರೋತೃಸಂಘಗಳ ಅಭಿಪ್ರಾಯ ಇವುಗಳಿಂದ ಕ್ರಮವನ್ನು ನಿರ್ಣಯಿಸತೊಡಗಿದರು. ವರ್ಷಾಂತ್ಯದಲ್ಲಿ ವಾರ್ಷಿಕ ಪಟ್ಟಿ ಬರುತ್ತಿತ್ತು. 1966ರಲ್ಲಿ ಅದರ ಪ್ರಥಮ ಸ್ಥಾನವು 'ಸೂರಜ್' ಚಿತ್ರಕ್ಕಾಗಿ ಮಹಮ್ಮದ್ ರಫಿಯವರು ಹಾಡಿದ ಗೀತೆಗೆ ಸಂದಿತು.

ಕ್ರಮಾಂಕವು ಪರಿಮಾಣವಲ್ಲ

ಖನಿಜಗಳ ಕಾಠಿಣ್ಯವನ್ನು ತಿಳಿಸುವ ಮೋಸ್ ಮಾನಕವನ್ನು ನೆನೆಯೋಣ. ಅದರಲ್ಲಿ ವಜ್ರಕ್ಕೆ 10, ಕುರುಂದಕ್ಕೆ 9. ಹಾಗೆಂದು ವಜ್ರವು ಕುರುಂದಕ್ಕಿಂತ ಒಂಬತ್ತನೆಯ ಒಂದು ಪಾಲು ಮಾತ್ರ ಹೆಚ್ಚು ಕಠಿಣವೆನ್ನಬಹುದೆ? ಇಲ್ಲ, ನೇರವಾಗಿ ಅಳೆದರೆ ಅದು ಸುಮಾರು ನಾಲ್ಕು ಪಟ್ಟು ಕಠಿಣ. ಮೋಸ್ ಸಂಖ್ಯೆಯು ಯಾವುದು ಯಾವುದನ್ನು ಗೀರುವುದೆಂಬ ಕ್ರಮವನ್ನಷ್ಟೇ ಹೇಳುತ್ತದೆ. ಹಾಡಿನ ಸ್ಥಾನವೂ ಅಂತಹುದೇ. ಒಂದನೆಯ ಮತ್ತು ಎರಡನೆಯ ಹಾಡುಗಳ ಅಂತರವು ಹತ್ತು ಮತಗಳೋ ಹತ್ತು ಲಕ್ಷವೋ, ಪಟ್ಟಿಯಿಂದ ತಿಳಿಯದು.

ಶಿಖರವೋ, ಮೊತ್ತವೋ?

ಒಂದು ಹಾಡು ನಾಲ್ಕು ವಾರ ಮೊದಲನೆಯದಾಗಿದ್ದು ಮರೆಯಾಯಿತೆಂದೂ, ಇನ್ನೊಂದು ಹತ್ತು ವಾರ ಎರಡನೆಯದಾಗಿಯೇ ಉಳಿಯಿತೆಂದೂ ಭಾವಿಸೋಣ. ಮೊದಲ ಸ್ಥಾನದ ವಾರಗಳನ್ನು ಎಣಿಸಿದರೆ 4ಕ್ಕೆ 0, ಮೊದಲನೆಯದೇ ಗೆದ್ದಿತು. ಮೊದಲ ಸ್ಥಾನಕ್ಕೆ 16, ಎರಡನೆಯದಕ್ಕೆ 15 ಅಂಕಗಳಂತೆ ಕೂಡಿಸಿದರೆ 64ಕ್ಕೆ 150, ಎರಡನೆಯದು ಗೆದ್ದಿತು. 1000 ವಾಟಿನ ಇಸ್ತ್ರಿಪೆಟ್ಟಿಗೆಯು ಒಂದು ಗಂಟೆಯಲ್ಲಿ ಒಂದು ಯೂನಿಟ್ ವಿದ್ಯುತ್ತನ್ನು ಬಳಸಿದರೆ, 40 ವಾಟಿನ ದೀಪವು ನೂರು ಗಂಟೆ ಉರಿದು ನಾಲ್ಕು ಯೂನಿಟ್ ಬಳಸುತ್ತದೆ. ಸಾಮರ್ಥ್ಯವೇ ಬೇರೆ, ಶಕ್ತಿಯೇ ಬೇರೆ. ಹೆಬ್ಬಾಳದ ಆ ಇಬ್ಬರು ವಿದ್ಯಾರ್ಥಿಗಳ ವ್ಯಾಜ್ಯದ ಮೂಲವೂ ಬಹುಶಃ ಇಲ್ಲಿಯೇ ಇದೆ.

ಎಣಿಕೆಗೆ ಸಿಕ್ಕದವರು

ಕಾಗದ ಬರೆದವರ ಮತವು ಎಣಿಕೆಗೆ ಬಂದಿತು. ಅಡಿಗೆಮನೆಯಿಂದಲೇ ಕೇಳಿ, ಗುನುಗಿ ಸುಮ್ಮನಾದ ತಾಯಿಯ ಮತವು ಬರಲಿಲ್ಲ. ಗೀತಮಾಲಾ ಹಿಂದೀ ಚಲನಚಿತ್ರಗೀತೆಗಳ ಪಟ್ಟಿ. ಮೈಸೂರಿನ ಮನೆಗಳಲ್ಲಿ ಪ್ರಿಯವಾಗಿದ್ದ ಕನ್ನಡದ ಹಾಡುಗಳಿಗೆ ಅದರಲ್ಲಿ ಅವಕಾಶವೇ ಇರಲಿಲ್ಲ. ಇಂದು ಅಂತರಜಾಲದಲ್ಲಿ ಹಾಡು ಎಷ್ಟು ಬಾರಿ ನುಡಿಯಿತೆಂಬುದನ್ನು ಯಂತ್ರವೇ ಎಣಿಸುತ್ತದೆ. ಆದರೆ ಒಬ್ಬನೇ ನೂರು ಸಲ ಕೇಳುವುದೂ ನೂರು ಜನ ಒಂದೊಂದು ಸಲ ಕೇಳುವುದೂ ಒಂದೆಯೆ?

ಅಳತೆಯೇ ವಸ್ತುವನ್ನು ಬದಲಿಸಿದಾಗ

ಧ್ವನಿವರ್ಧಕದ ಮುಂದೆ ಮೈಕನ್ನು ಹಿಡಿದರೆ, ಹೊರಬಂದ ಸದ್ದು ಮತ್ತೆ ಒಳಹೊಕ್ಕು ಬೆಳೆದು ಕೀರಲಾಗುವುದನ್ನು ಕೇಳಿದ್ದೇವೆ. ಪಟ್ಟಿಗಳೂ ಹಾಗೆಯೇ: ಮೇಲಿರುವ ಹಾಡನ್ನು ಹೆಚ್ಚು ಜನ ಕೇಳುತ್ತಾರೆ, ಕೇಳಿದುದರಿಂದ ಅದು ಇನ್ನೂ ಮೇಲೇರುತ್ತದೆ.

2006ರಲ್ಲಿ ಸಲ್ಗಾನಿಕ್, ಡಾಡ್ಸ್ ಮತ್ತು ವಾಟ್ಸ್ ಎಂಬ ಸಂಶೋಧಕರು ಇದನ್ನು ಪ್ರಯೋಗದಿಂದ ತೋರಿಸಿದರು. ಹೆಸರು ಕೇಳಿರದ ತಂಡಗಳ 48 ಹಾಡುಗಳನ್ನು ಹದಿನಾಲ್ಕು ಸಾವಿರಕ್ಕೂ ಮಿಕ್ಕ ಜನರ ಮುಂದಿಟ್ಟರು. ಒಂದು ಗುಂಪಿನವರಿಗೆ ಇತರರ ಆಯ್ಕೆ ಕಾಣುತ್ತಿರಲಿಲ್ಲ. ಉಳಿದ ಎಂಟು ಗುಂಪುಗಳಲ್ಲಿ ತಮ್ಮ ತಮ್ಮ ಗುಂಪಿನ ಎಣಿಕೆ ಕಾಣುತ್ತಿತ್ತು. ಮೊದಲ ಗುಂಪಿನಲ್ಲಿ 26ನೆಯದಾಗಿದ್ದ ಒಂದು ಹಾಡು, ಉಳಿದವುಗಳಲ್ಲಿ ಒಂದರಲ್ಲಿ ಮೊದಲನೆಯದಾಯಿತು, ಮತ್ತೊಂದರಲ್ಲಿ 40ನೆಯದಾಯಿತು! ಅತ್ಯುತ್ತಮವಾದವು ತೀರ ಕೆಳಗಿಳಿದುದೂ ತೀರ ಕಳಪೆಯಾದವು ಮೇಲೇರಿದುದೂ ವಿರಳ. ನಡುವಿನವುಗಳ ಗತಿಯನ್ನು ಮಾತ್ರ ಮುಂಚಿತವಾಗಿ ಹೇಳುವಂತಿರಲಿಲ್ಲ.

ವಿದ್ಯಾರ್ಥಿಗಳು ತಮ್ಮ ತರಗತಿಯಲ್ಲಿಯೇ ಇದನ್ನು ಪರೀಕ್ಷಿಸಬಹುದು. ಐದು ಹಾಡುಗಳನ್ನು ಆರಿಸಿಕೊಂಡು, ಅರ್ಧ ಜನರಿಂದ ಗುಟ್ಟಾಗಿ ಚೀಟಿಯಲ್ಲಿಯೂ ಉಳಿದರ್ಧ ಜನರಿಂದ ಒಬ್ಬೊಬ್ಬರಾಗಿ ಕೈಯೆತ್ತಿಸಿಯೂ ಮತ ಪಡೆಯಿರಿ. ಎರಡು ಫಲಿತಾಂಶಗಳನ್ನು ಪಕ್ಕಪಕ್ಕದಲ್ಲಿ ಬರೆಯಿರಿ. ಅನಂತರ ಯಾವುದೇ ಪಟ್ಟಿಯು ಕೈಗೆ ಬಂದಾಗ, ಮೊದಲನೆಯದು ಯಾವುದೆಂದು ನೋಡುವುದಕ್ಕೆ ಮುಂಚೆ, ಏನನ್ನು ಎಣಿಸಿದರು, ಯಾರನ್ನು ಎಣಿಸಿದರು, ಹೇಗೆ ಕೂಡಿಸಿದರು ಎಂದು ಕೇಳುವಿರಿ. ಹಾಡುಗಳ ಪಟ್ಟಿಗೆ ಹೇಗೋ, ಪರೀಕ್ಷೆಯ ರ್‍ಯಾಂಕಿನ ಪಟ್ಟಿಗೂ ಹಾಗೆಯೇ ಈ ಮೂರು ಪ್ರಶ್ನೆಗಳು ಸಲ್ಲುತ್ತವೆ.