ಕಲಾನುಭವ: ರಸ ಸಿದ್ಧಾಂತ ಮತ್ತು ನರವಿಜ್ಞಾನ

1. ರಸಸೂತ್ರ: ಭರತನ ನಾಟ್ಯಶಾಸ್ತ್ರ. ವಿಭಾವ (ಭಾವದ ಕಾರಣ), ಅನುಭಾವ (ಹೊರಗೆ ಕಾಣುವ ಪರಿಣಾಮ), ವ್ಯಭಿಚಾರಿಭಾವಗಳ (ಬಂದು ಹೋಗುವ ಭಾವಗಳ) ಸಂಯೋಗದಿಂದ ರಸನಿಷ್ಪತ್ತಿ.

2. ಭಾವಗಳು 49: ಸ್ಥಾಯಿ 8, ಸಾತ್ವಿಕ 8, ವ್ಯಭಿಚಾರಿ 33.

3. ರಸಸೂತ್ರದ ವ್ಯಾಖ್ಯಾನಕಾರರು:
• ಭಟ್ಟಲೊಲ್ಲಟ – ಉತ್ಪತ್ತಿವಾದ
• ಶಂಕುಕ – ಅನುಮಿತಿವಾದ
• ಭಟ್ಟನಾಯಕ – ಭುಕ್ತಿವಾದ, ಸಾಧಾರಣೀಕರಣ (ಒಬ್ಬರ ಭಾವ ಎಲ್ಲರದೂ ಆಗುವುದು)
• ಅಭಿನವಗುಪ್ತ – ಅಭಿವ್ಯಕ್ತಿವಾದ

4. ಸ್ಥಳೀಯ ಉದಾಹರಣೆ: ಯಳಂದೂರು ತಾಲ್ಲೂಕಿನ ಮಾಂಬಳ್ಳಿ ಹಾಗೂ ಕೊಳ್ಳೇಗಾಲ, ಹನೂರು ಸೀಮೆ ಮಲೆ ಮಹದೇಶ್ವರ ಜನಪದ ಕಾವ್ಯದ ನೆಲೆ. ಹಾಡುವವರು ದೇವರಗುಡ್ಡರು, ವಾದ್ಯ ಕಂಸಾಳೆ (ಎಡಗೈಯಲ್ಲಿ ಕಂಚಿನ ಬಟ್ಟಲು, ಬಲಗೈಯಲ್ಲಿ ತಾಳ). ಈ ಕಾವ್ಯದ ಒಂದು ಭಾಗವಾದ ಸಂಕಮ್ಮನ ಸಾಲಿನಲ್ಲಿ ಅವಳ ಗಂಡ ನೀಲೇಗೌಡನ ಹಿಂಸೆ ಕೇಳಿ ಕಣ್ಣು ತುಂಬುತ್ತದೆ, ಆದರೂ ಮತ್ತೆ ಕೇಳಬೇಕೆನಿಸುತ್ತದೆ. ಸ್ಥಾಯಿ ಶೋಕ, ರಸ ಕರುಣ.

5. ಕನ್ನಡಿಗರ ಕೊಡುಗೆ:
• ಎಂ. ಹಿರಿಯಣ್ಣ (1871–1950) – ‘ಆರ್ಟ್ ಎಕ್ಸ್‌ಪೀರಿಯೆನ್ಸ್’, 1954
• ತೀ.ನಂ. ಶ್ರೀಕಂಠಯ್ಯ – ‘ಭಾರತೀಯ ಕಾವ್ಯಮೀಮಾಂಸೆ’, 1953

6. ನರಸೌಂದರ್ಯಶಾಸ್ತ್ರ (ಕಲಾನುಭವದಲ್ಲಿ ಮಿದುಳಿನ ಪಾತ್ರದ ಅಧ್ಯಯನ):
• ಸೆಮಿರ್ ಝೆಕಿ – ‘ಇನ್ನರ್ ವಿಷನ್’, 1999
• ವಿ.ಎಸ್. ರಾಮಚಂದ್ರನ್, ವಿಲಿಯಂ ಹರ್ಸ್ಟೀನ್ – ಕಲೆಯ 8 ನಿಯಮಗಳು, 1999. ‘ಪೀಕ್ ಶಿಫ್ಟ್’: ಮುಖ್ಯ ಲಕ್ಷಣವನ್ನು ಹಿಗ್ಗಿಸಿದರೆ ಮಿದುಳಿನ ಸ್ಪಂದನೆ ಹೆಚ್ಚು.
• ಕವಬಾಟ, ಝೆಕಿ, 2004 – ಸುಂದರ ಚಿತ್ರ ಕಂಡಾಗ ಕಣ್ಣಿನ ಗೂಡಿನ ಮೇಲಿರುವ ಮಿದುಳಿನ ಮುಂಭಾಗ ಚುರುಕಾಗುತ್ತದೆ.

7. ಗೊಂದಲ ಬೇಡ:
• ಶೋಕ ಭಾವ, ಕರುಣ ರಸ.
• ಭರತನ ರಸಗಳು 8. 9ನೆಯದು ಶಾಂತ, ಅದನ್ನು ಸಮರ್ಥಿಸಿದವನು ಅಭಿನವಗುಪ್ತ.

ನೆನಪಿಡಿ: ನರವಿಜ್ಞಾನ ಮಿದುಳಿನ ಕ್ರಿಯೆಯನ್ನು ಅಳೆಯುತ್ತದೆ, ರಸ ಸಿದ್ಧಾಂತ ಸಹೃದಯನ (ರಸಿಕನ) ಅನುಭವವನ್ನು ವಿವರಿಸುತ್ತದೆ. ಎರಡನ್ನೂ ಜೋಡಿಸಿಯೇ ಓದಿ.