ಹಾರ್ಡ್ ಡಿಸ್ಕ್ ಕೆಡುವ ಮುನ್ಸೂಚನೆಗಳು



ಬಿಳಿ ಕಾಂಡಕೊರಕ ಬಿದ್ದ ಕಾಫಿ ಗಿಡದ ಎಲೆ ಹಳದಿಯಾಗುವ ವೇಳೆಗೆ ಒಳಗಿನ ಕೆಲಸ ಬಹುಮಟ್ಟಿಗೆ ಮುಗಿದಿರುತ್ತದೆ. ಕಾಂಡದ ಮೇಲೆ ಉಬ್ಬಿದ ಗೆರೆ ಕಂಡಾಗಲೇ ಗಿಡ ಕಿತ್ತು ಸುಟ್ಟವರು ಪಕ್ಕದ ಗಿಡಗಳನ್ನು ಉಳಿಸಿಕೊಳ್ಳುತ್ತಾರೆ. ಕಂಪ್ಯೂಟರಿನ ಹಾರ್ಡ್ ಡಿಸ್ಕ್ ವಿಷಯವೂ ಹೀಗೆಯೇ. ಈಗ ಅನೇಕ ಸದಸ್ಯರ ಕೂಲಿ ಪಟ್ಟಿ, ಕೊಯ್ಲಿನ ತೂಕ, ಸಾಲದ ಬಾಕಿ ಎಲ್ಲವೂ ಅದರೊಳಗೇ ಇರುವುದರಿಂದ ಈ ನಾಲ್ಕು ಮಾತು.

ಡಿಸ್ಕಿನೊಳಗೆ ಕನ್ನಡಿಯಂಥ ತಟ್ಟೆಗಳು ಸಾಮಾನ್ಯವಾಗಿ ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುತ್ತವೆ. ಓದುವ ಹೆಡ್ಡು ಅವುಗಳ ಮೇಲೆ ತಾಗದೆ ತೇಲಬೇಕು. ನಡುವಿನ ಅಂತರ ತಲೆಗೂದಲಿನ ದಪ್ಪದ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ. ತಾಗಿದರೆ ತಟ್ಟೆ ಗೀಚಿಹೋಗುತ್ತದೆ, ಅಲ್ಲಿದ್ದ ಲೆಕ್ಕವೂ ಹೋಗುತ್ತದೆ.

ಆದ್ದರಿಂದ ಕಟ್ ಕಟ್ ಎಂದೋ ಕರಕರ ಎಂದೋ ಹೊಸ ಸದ್ದು ಕೇಳಿದೊಡನೆ ಯಂತ್ರವನ್ನು ಆರಿಸಿಬಿಡಿ. ಇನ್ನೊಮ್ಮೆ ಹಾಕಿ ನೋಡೋಣವೆಂಬ ಆಸೆ ಬೇಡ. ಫ್ರಿಜ್ಜಿನಲ್ಲಿಟ್ಟರೆ ಸರಿಹೋಗುತ್ತದೆಂದು ಹೇಳುವವರಿದ್ದಾರೆ. ಒಳಗೆ ನೀರಿನ ಪಸೆ ಕಟ್ಟಿ ಇರುವುದೂ ಹಾಳಾಗುತ್ತದೆ. ಇಂಥ ಡಿಸ್ಕನ್ನು ಧೂಳಿಲ್ಲದ ಕೋಣೆಯಲ್ಲಿ ಮಾತ್ರ ಬಿಚ್ಚಬೇಕು. ಸೋಲದೇವನಹಳ್ಳಿಯಿಂದ ಎಸ್.ಪಿ. ರಸ್ತೆಗೆ ಒಯ್ಯುವುದಾದರೆ ದಪ್ಪ ಸ್ಪಂಜಿನಲ್ಲಿ ಸುತ್ತಿ, ಕುಲುಕದಂತೆ ಒಯ್ಯಿರಿ. ಅಂಗಡಿಯವರು ಬಿಚ್ಚುವ ಮೊದಲೇ ಎಲ್ಲಿ ಬಿಚ್ಚುತ್ತಾರೆ, ಖರ್ಚೆಷ್ಟು ಎಂದು ಕೇಳಿ ಬರೆಸಿಕೊಳ್ಳಿ.

ಸದ್ದಿಲ್ಲದ ಸೂಚನೆಗಳೂ ಉಂಟು. ನಿನ್ನೆ ತೆರೆದ ಫೈಲು ಇಂದು ತೆರೆಯದು, ನಕಲು ಮಾಡುವಾಗ ನಡುವೆ ನಿಂತುಬಿಡುತ್ತದೆ, ಫೈಲಿನ ಹೆಸರು ಅರ್ಥವಿಲ್ಲದ ಅಕ್ಷರಗಳಾಗುತ್ತದೆ, ನೀಲಿ ಪರದೆ ಪದೇ ಪದೇ ಬರುತ್ತದೆ. ಬರೀ ನಿಧಾನವಾದರೆ ವೈರಸ್ಸೋ ಕಡಿಮೆ ಮೆಮೊರಿಯೋ ಇರಬಹುದು. ಆದರೂ ಮೊದಲ ಕೆಲಸ ರಿಪೇರಿಯಲ್ಲ, ನಕಲು. ಬಾಕಿ ಲೆಕ್ಕ, ತೂಕದ ಪಟ್ಟಿಗಳನ್ನು ಬೇರೊಂದು ಡಿಸ್ಕಿಗೆ ಹಾಕಿಕೊಳ್ಳಿ. ಮದುವೆಯ ಫೋಟೋಗಳು ಆಮೇಲೆ. ಅದಕ್ಕೆ ಮುಂಚೆಯೇ 'ಚೆಕ್‌ಡಿಸ್ಕ್' ನಡೆಸುವುದು ಬೇಡ. ಸೊರಗಿದ ಎತ್ತಿಗೆ ನೊಗ ಕಟ್ಟಿದಂತಾಗುತ್ತದೆ.

ಡಿಸ್ಕು ತನ್ನ ಆರೋಗ್ಯವನ್ನು ತಾನೇ ಬರೆದಿಡುವ 'ಸ್ಮಾರ್ಟ್' ಎಂಬ ವ್ಯವಸ್ಥೆಯಿದೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶದಲ್ಲಿ ಅದನ್ನು ಓದಬಹುದು. 05, ಸಿ5, ಸಿ6 ಎಂಬ ಸಾಲುಗಳಲ್ಲಿ ಎಣಿಕೆ ಏರುತ್ತಿದ್ದರೆ ಹೊಸ ಡಿಸ್ಕ್ ಕೊಳ್ಳುವ ಕಾಲ ಬಂತು. ಆದರೆ ಎಲ್ಲ ಸರಿಯಿದೆ ಎಂದು ತೋರಿದರೆ ನಿಶ್ಚಿಂತೆ ಬೇಡ. ಗೂಗಲ್ ಸಂಸ್ಥೆಯವರು ಒಂದು ಲಕ್ಷಕ್ಕೂ ಮೀರಿದ ಡಿಸ್ಕುಗಳನ್ನು ಗಮನಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೆಟ್ಟವುಗಳ ಪೈಕಿ ಮೂರನೇ ಒಂದಕ್ಕಿಂತ ಹೆಚ್ಚಿನವು ಇಂಥ ಯಾವ ಸೂಚನೆಯನ್ನೂ ಕೊಟ್ಟಿರಲಿಲ್ಲ. ಹೊಸ ಎಸ್.ಎಸ್.ಡಿ.ಗಳಲ್ಲಿ ತಿರುಗುವ ತಟ್ಟೆಯೇ ಇಲ್ಲದ್ದರಿಂದ ಸದ್ದೂ ಇಲ್ಲ. ಒಂದು ಬೆಳಿಗ್ಗೆ ಸುಮ್ಮನೆ ಏಳದಿರಬಹುದು.

ಪಹಣಿಯ ಕಾಗದ ಕಳೆದರೆ ಚಿಂತೆಯಿಲ್ಲ. 'ಭೂಮಿ' ಯೋಜನೆಯಿಂದ ಅದರ ಪ್ರತಿ ಮತ್ತೆ ಸಿಗುತ್ತದೆ. ನಿಮ್ಮ ಅಡಿಕೆಯ ತೂಕವನ್ನೂ ಆಳುಗಳಿಗೆ ಕೊಟ್ಟ ಮುಂಗಡವನ್ನೂ ಯಾವ ಸರ್ಕಾರವೂ ಬರೆದಿಟ್ಟಿಲ್ಲ. ಕೊಯ್ಲಿನ ಕಾಲದಲ್ಲಿ ದಿನಕ್ಕೊಮ್ಮೆ, ಉಳಿದಂತೆ ವಾರಕ್ಕೊಮ್ಮೆ ನಕಲು ತೆಗೆಯಿರಿ. ಒಂದು ಪ್ರತಿ ಮನೆಯಲ್ಲಿದ್ದರೆ ಇನ್ನೊಂದು ತಮ್ಮನ ಮನೆಯಲ್ಲೋ ಮಗಳ ಮನೆಯಲ್ಲೋ ಇರಲಿ. ತಿಂಗಳಿಗೊಮ್ಮೆ ಆ ನಕಲಿನಿಂದಲೇ ಒಂದೆರಡು ಫೈಲು ತೆರೆದು, ಅಂಕಿಗಳನ್ನು ನೋಟುಪುಸ್ತಕದೊಡನೆ ತಾಳೆ ಹಾಕಿ ನೋಡಿ.