ಸ್ಥಳೀಯ ಕಂಪ್ಯೂಟರ್ ಜಾಲದಲ್ಲಿ ನಡುವಣ ವಂಚಕ

ಒಂದು ಕಛೇರಿಯ, ವಸತಿಗೃಹದ ಅಥವಾ ಮನೆಯ ಕಂಪ್ಯೂಟರುಗಳನ್ನೂ ಮೊಬೈಲ್ ಫೋನುಗಳನ್ನೂ ಪರಸ್ಪರ ಜೋಡಿಸುವ ವ್ಯವಸ್ಥೆಗೆ ಸ್ಥಳೀಯ ಜಾಲವೆಂದು ಹೆಸರು. ಇಲ್ಲಿಂದ ಇಂಟರ್‌ನೆಟ್ಟಿಗೆ ಹೊರಡುವ ಸಂದೇಶಗಳು ಸಾಮಾನ್ಯವಾಗಿ ರೌಟರ್ ಎಂಬ ಒಂದೇ ಬಾಗಿಲನ್ನು ಹಾದುಹೋಗುತ್ತವೆ. ಆ ಬಾಗಿಲು ಎಲ್ಲಿದೆಯೆಂದು ಕಂಪ್ಯೂಟರು ತಿಳಿದುಕೊಳ್ಳುವ ಕ್ರಮದಲ್ಲಿಯೇ ಒಂದು ಹಳೆಯ ದೌರ್ಬಲ್ಯವಿದೆ.

ಜಾಲದ ಪ್ರತಿಯೊಂದು ಯಂತ್ರಕ್ಕೂ ಎರಡು ವಿಳಾಸಗಳಿರುತ್ತವೆ. ಜಾಲವು ನೀಡುವ ಐ.ಪಿ. ವಿಳಾಸ ಒಂದು, ಯಂತ್ರದ್ದೇ ಆದ 48 ಬಿಟ್‌ಗಳ ಮ್ಯಾಕ್ ವಿಳಾಸ ಇನ್ನೊಂದು. ಇವೆರಡನ್ನೂ ಹೊಂದಿಸುವುದಕ್ಕಾಗಿ 1982ರಲ್ಲಿ ಡೇವಿಡ್ ಪ್ಲಮ್ಮರ್ ಅವರು ಎ.ಆರ್.ಪಿ. ಎಂಬ ನಿಯಮಾವಳಿಯನ್ನು ಪ್ರಕಟಿಸಿದರು. ಅದರಂತೆ ಕಂಪ್ಯೂಟರು "ಈ ಐ.ಪಿ. ವಿಳಾಸ ಯಾರದು?" ಎಂದು ಜಾಲದಲ್ಲೆಲ್ಲ ಕೂಗಿ ಕೇಳುತ್ತದೆ, ಬಂದ ಉತ್ತರವನ್ನು ತನ್ನ ಪಟ್ಟಿಯಲ್ಲಿ ಬರೆದುಕೊಳ್ಳುತ್ತದೆ. ಉತ್ತರಿಸಿದವನು ನಿಜ ನುಡಿದನೇ ಎಂದು ಪರೀಕ್ಷಿಸುವ ಏರ್ಪಾಡು ಅದರಲ್ಲಿಲ್ಲ. ಕೇಳದೆಯೇ ಬಂದ ಉತ್ತರವನ್ನು ಕೂಡ ಅನೇಕ ಯಂತ್ರಗಳು ನಂಬಿಬಿಡುತ್ತವೆ. ಪರಸ್ಪರ ಪರಿಚಿತರ ಜಾಲಗಳಿದ್ದ ಕಾಲದಲ್ಲಿ ಈ ಸರಳತೆ ದೋಷವಾಗಿ ತೋರಿರಲಿಲ್ಲ.

ವಂಚಕನು ಬಳಸಿಕೊಳ್ಳುವುದು ಈ ನಂಬಿಕೆಯನ್ನೇ. ಅದೇ ಜಾಲವನ್ನು ಸೇರಿ, ನಮ್ಮ ಕಂಪ್ಯೂಟರಿಗೆ "ರೌಟರ್ ನಾನೇ" ಎಂದೂ, ರೌಟರಿಗೆ "ಆ ಕಂಪ್ಯೂಟರು ನಾನೇ" ಎಂದೂ ಸುಳ್ಳು ಉತ್ತರಗಳನ್ನು ಮತ್ತೆ ಮತ್ತೆ ಕಳುಹಿಸುತ್ತಾನೆ. ಅಂದಿನಿಂದ ಎರಡೂ ಕಡೆಯ ಸಂದೇಶಗಳು ಅವನ ಕೈ ದಾಟಿಯೇ ಸಾಗುತ್ತವೆ. ಅವುಗಳನ್ನು ಅವನು ತಡೆಯದೆ ಮುಂದಕ್ಕೆ ಕಳುಹಿಸುವುದರಿಂದ ಬಳಕೆದಾರನಿಗೆ ಯಾವ ಅಡಚಣೆಯೂ ಕಾಣುವುದಿಲ್ಲ. ಲಕೋಟೆಯನ್ನು ಒಡೆದು ಓದಿ, ಮತ್ತೆ ಅಂಟಿಸಿ ತಲುಪಿಸುವ ಅಂಚೆಯವನಂತೆ ಅವನ ವರ್ತನೆ.

ಹಾಗಾದರೆ ರಕ್ಷಣೆ ಎಲ್ಲಿದೆ? ಸಂದೇಶವನ್ನೇ ಗೂಢಲಿಪಿಗೆ ಪರಿವರ್ತಿಸುವುದರಲ್ಲಿ. ಎಚ್‌ಟಿಟಿಪಿಎಸ್ ಎಂದು ಆರಂಭವಾಗುವ ತಾಣಗಳಲ್ಲಿ ನಡುವಿನವನಿಗೆ ಅರ್ಥವಾಗದ ಅಕ್ಷರರಾಶಿ ಮಾತ್ರ ದೊರೆಯುತ್ತದೆ. ಯಾವ ತಾಣಕ್ಕೆ ಹೋದಿರೆಂಬುದು ಮಾತ್ರ ಅವನಿಗೆ ತಿಳಿಯಬಹುದು. ಅವನು ತಾನೇ ಬ್ಯಾಂಕೆಂದು ನಟಿಸಿದರೆ, ತಕ್ಕ ಪ್ರಮಾಣಪತ್ರವಿಲ್ಲದ ಕಾರಣ ಬ್ರೌಸರ್ ಎಚ್ಚರಿಕೆಯ ಪುಟವನ್ನು ತೋರಿಸುತ್ತದೆ. ಬಹುಮಂದಿ ಅವಸರದಲ್ಲಿ ಅದನ್ನು ಓದದೆಯೇ "ಮುಂದುವರಿಯಿರಿ" ಎಂಬುದನ್ನು ಒತ್ತಿಬಿಡುತ್ತಾರೆ. ಒಳ್ಳೆಯ ಬೀಗವಿದ್ದೂ ಬಾಗಿಲು ತೆರೆದುಕೊಡುವುದೆಂದರೆ ಇದೇ. 2009ರಲ್ಲಿ ಮಾಕ್ಸಿ ಮಾರ್ಲಿನ್‌ಸ್ಪೈಕ್ ಎಂಬ ಸಂಶೋಧಕರು ಮತ್ತೊಂದು ಮಾರ್ಗವನ್ನು ತೋರಿಸಿಕೊಟ್ಟರು: ಗೂಢಲಿಪಿಯ ಪುಟಕ್ಕೆ ಒಯ್ಯುವ ಕೊಂಡಿಗಳನ್ನು ನಡುವಿನವನು ಸಾಮಾನ್ಯ ಕೊಂಡಿಗಳಾಗಿ ಬದಲಿಸಿದರೆ ಎಚ್ಚರಿಕೆಯೇ ಮೂಡದು. ಇದನ್ನು ತಡೆಯಲು, ಗೂಢಲಿಪಿಯಿಲ್ಲದೆ ತಾಣವನ್ನು ತೆರೆಯಬಾರದೆಂದು ಬ್ರೌಸರಿಗೆ ಮೊದಲೇ ತಿಳಿಸುವ ಮಾನದಂಡವು 2012ರಲ್ಲಿ ಬಂದಿತು. ಎಲ್ಲ ತಾಣಗಳೂ ಅದನ್ನು ಅಳವಡಿಸಿಕೊಂಡಿಲ್ಲ.

ಕಛೇರಿಗಳಲ್ಲಿ ಸುಳ್ಳು ಎ.ಆರ್.ಪಿ. ಉತ್ತರಗಳನ್ನು ತಡೆಯುವ ಸೌಲಭ್ಯ ಅನೇಕ ಸ್ವಿಚ್‌ಗಳಲ್ಲಿ ಇದ್ದರೂ ಅದನ್ನು ಜಾಲದ ನಿರ್ವಾಹಕರು ಚಾಲನೆಗೊಳಿಸಬೇಕು. ವಸತಿಗೃಹಗಳ ವೈಫೈ ಬಳಸುವಾಗ ಪ್ರಮಾಣಪತ್ರದ ಎಚ್ಚರಿಕೆ ಕಂಡರೆ ವ್ಯವಹಾರವನ್ನು ಅಲ್ಲಿಗೇ ನಿಲ್ಲಿಸಿ, ಮೊಬೈಲ್ ಡೇಟಾದ ಮೂಲಕ ಬ್ಯಾಂಕಿನ ತಾಣವನ್ನು ಹೊಸದಾಗಿ ತೆರೆಯುವುದು ಉಚಿತ. ಹಣ ಕೈಬಿಟ್ಟಿದ್ದರೆ ತಡಮಾಡದೆ ಬ್ಯಾಂಕಿಗೂ 1930 ಸಂಖ್ಯೆಯ ಸಹಾಯವಾಣಿಗೂ ತಿಳಿಸಬೇಕು.